ರದ್ದಿಯಿಂದ ಬಂದ ಕನ್ನಡ

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಬಿಸಿಎ ಮಕ್ಕಳಿಗೆ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಮಕ್ಕಳು ಬರೆದು ಕೊಡುವ ಪ್ರತಿಯೊಂದು ಬರಹದ ಜೊತೆ ನಾವು ಒಂದು ನಮೂನೆ ತುಂಬಿ ಆಫೀಸಿಗೆ ಕಳಿಸಬೇಕು. ಇದನ್ನು ವಿದ್ಯಾರ್ಥಿ ಬರೆದದ್ದೋ ಯಂತ್ರ ಬರೆದದ್ದೋ, ತಂತ್ರಾಂಶ ಏನು ಹೇಳಿತು ಎಂದು ಅದರ ಕೊನೆಯ ಕಾಲಂನಲ್ಲಿ ಕೇಳಿದ್ದಾರೆ. ಆ ಕಾಲಂ ನಾನು ತುಂಬುವುದಿಲ್ಲ. ಮೊದಲ ಸಲ ಮರೆತಿರಬೇಕು ಅಂದುಕೊಂಡರು. ಎರಡನೆಯ ಸಲ ಗುಮಾಸ್ತರು ಫೋನ್ ಮಾಡಿ, "ಮೇಡಂ, ಒಂದು ಟಿಕ್ ಹೊಡೀಲಾಕ ಏನ್ ಕಷ್ಟರಿ?" ಎಂದರು. ಹೋದ ವಾರ ಮೆಮೊ ಬಂತು. ಕಾಲಂ ಖಾಲಿ ಬಿಟ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕಂತೆ. ಅವರಿಗೆ ಎರಡು ಸಾಲು ಸಾಕು. ನನಗೆ ಸಾಲದು.

ಬೀದರಿನಲ್ಲಿ ನಾನೇ ಬಿಸಿಎ ಕೊನೆಯ ವರ್ಷದಲ್ಲಿದ್ದಾಗಿನ ಮಾತು. ಕಂಪ್ಯೂಟರ್ ವಿಷಯಗಳ ಜೊತೆಗೆ ಬೇರೆ ವಿಭಾಗದ ಒಂದು ವಿಷಯ ಆರಿಸಿಕೊಳ್ಳಬೇಕಿತ್ತು. ನಾನು ಕನ್ನಡದ ಸೃಜನಶೀಲ ಬರವಣಿಗೆ ತೆಗೆದುಕೊಂಡೆ. ಗೆಳತಿಯರು ಅಂಕ ಸುಲಭವಾಗಿ ಬೀಳುತ್ತವೆಂದು ತೆಗೆದುಕೊಂಡರು. ನಾನು ಪಾಠ ಮಾಡುವ ಸರ್ ಯಾರೆಂದು ನೋಡಿ ತೆಗೆದುಕೊಂಡೆ. ಯಾಕೆಂದು ಮುಂದೆ ಹೇಳುತ್ತೇನೆ. ಮನೆಯಲ್ಲಿ ದುಡಿಯುವ ಒಬ್ಬರ ಕುರಿತು ಬರೆಯಿರಿ ಎಂದು ಅವರು ಮೊದಲ ನಿಯೋಜನೆ ಕೊಟ್ಟರು. ನಾನು ನನ್ನ ದಾದಿಯ ಬಗ್ಗೆ, ಎಂದರೆ ಅಪ್ಪನ ತಾಯಿಯ ಬಗ್ಗೆ, ಎಂಟು ಪುಟ ಬರೆದು, ಟೈಪ್ ಮಾಡಿ ಕೊಟ್ಟೆ. ನಾಲ್ಕು ದಿನದ ಮೇಲೆ ಸರ್ ಸ್ಟಾಫ್ ರೂಮಿಗೆ ಕರೆಸಿದರು. ಅವರ ಮುಂದೆ ಲ್ಯಾಪ್‌ಟಾಪ್ ತೆರೆದಿತ್ತು. ನನ್ನ ಬರಹದ ಮೇಲೆ ಒಂದು ಕೆಂಪು ಪಟ್ಟಿ ಈ ತುದಿಯಿಂದ ಹೆಚ್ಚುಕಡಿಮೆ ಆ ತುದಿಯವರೆಗೆ ಮಲಗಿತ್ತು.

"ಇದು ನಿಂದಲ್ಲ ಬಿಡವಾ," ಅಂದರು.

"ನಂದೇ ಅದರಿ ಸರ್."

"ಮಿಷಿನ್ ಹೇಳ್ಲಾಕತ್ತದ ನೋಡು. ಹಸಿರು ಬಂದ್ರ ಮನಷ್ಯಾರು ಬರದದ್ದು, ಕೆಂಪು ಬಂದ್ರ ಯಂತ್ರ ಬರದದ್ದು."

"ಮಿಷಿನ್ನಿಗೆ ಹ್ಯಾಂಗ ಗೊತ್ತಾಯ್ತರಿ ಸರ್?"

"ಅದು ಬಿಡು, ನನಗ ಗೊತ್ತಾಗಂಗಿಲ್ಲೇನು? ನಿಮ್ಮ ಮನ್ಯಾಗ ಏನ್ ಮಾತಾಡ್ತೀರಿ?"

"ಉರ್ದೂ ರೀ."

"ಊರಾಗ?"

"ಔರಾದದಾಗ ಮರಾಠಿ ಭಾಳ ನಡೀತದರಿ. ಕನ್ನಡನೂ ಮಾತಾಡ್ತಾರ."

"ಹಾಂ. ಮತ್ತ ಇಂಥಾ ಕನ್ನಡ ನಿನಗ ಎಲ್ಲಿಂದ ಬಂತು? ಕನ್ನಡ ಮನ್ಯಾಗ ಹುಟ್ಟಿದ ಪೋರಗೋಳೇ ಹಿಂಗ ಬರಿಯಂಗಿಲ್ಲ."

ಇಂಥಾ ಕನ್ನಡ ಎಲ್ಲಿಂದ ಬಂತು ಎಂಬುದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ಅದನ್ನು ಅವರಿಗೆ ಕೊಡಲು ಆ ಹೊತ್ತು ಮನಸ್ಸಾಗಲಿಲ್ಲ. ಸರ್ ಕೆಟ್ಟವರಲ್ಲ, ಮೆತ್ತಗಿನ ಮನುಷ್ಯ. ಆ ಮೆತ್ತಗಿನ ದನಿಯಲ್ಲೇ ಹೇಳಿದರು. ಒಂದು ಮುಚ್ಚಳಿಕೆ ಬರೆದುಕೊಡಬೇಕು, ತಪ್ಪಾಯಿತು ಎಂದು. ಕೊಟ್ಟರೆ ಪಾಸಾಗುವಷ್ಟು ಆಂತರಿಕ ಅಂಕ ಹಾಕುತ್ತಾರೆ. ಕೊಡದಿದ್ದರೆ ಸೊನ್ನೆ. ಸೊನ್ನೆ ಬಿದ್ದರೆ ಆ ವಿಷಯದ ಪರೀಕ್ಷೆಗೆ ಕೂರುವಂತಿಲ್ಲ, ಡಿಗ್ರಿ ಒಂದು ವರ್ಷ ಹಿಂದೆ, ಎಂಸಿಎ ಸೀಟಿನ ಮಾತೇ ಇಲ್ಲ. ಯೋಚನೆ ಮಾಡಲು ಒಂದು ವಾರ ಕೊಟ್ಟರು.

ಔರಾದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತೆ. ಅಳು ಬರುತ್ತದೆಂದು ಕಾದೆ. ಬರಲಿಲ್ಲ, ಬರೀ ಸಿಟ್ಟು ಬಂತು.

ಈಗ ನಮ್ಮ ಮನೆಯ ಕಥೆ ಹೇಳಬೇಕು. ನಮ್ಮದು ಕಾಗದದ ಚೀಲ ಮಾಡುವ ಮನೆ. ಅಂಗಡಿಯಲ್ಲಿ ಕಾಲು ಕಿಲೊ ಬೇಳೆ, ಅರ್ಧ ಕಿಲೊ ಪುಠಾಣಿ, ಎಂದರೆ ಹುರಿಗಡಲೆ, ಹಾಕಿಕೊಡುತ್ತಾರಲ್ಲ, ಆ ಚೀಲ. ಬೀದರಿನ ಗಾಂಧಿ ಗಂಜಿನ ಹಿಂದಿನ ರದ್ದಿ ಅಂಗಡಿಯಿಂದ ಅಬ್ಬಾ ಹಳೆಯ ಪೇಪರಿನ ಗಂಟುಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದರು. ಅಮ್ಮಿ ಮೈದಾ ಹಿಟ್ಟಿನ ಅಂಟು ಕುದಿಸುತ್ತಿದ್ದಳು. ನಾನು ಮಡಚುತ್ತಿದ್ದೆ, ಅಮ್ಮಿ ಅಂಟಿಸುತ್ತಿದ್ದಳು. ಪ್ಲಾಸ್ಟಿಕ್ ಚೀಲ ಬಂದ್ ಮಾಡಿದಾಗ ನಮ್ಮ ಮನೆಯಲ್ಲಿ ಸಿಹಿ ಮಾಡಿದ್ದರು.

ಎಲ್ಲಕ್ಕಿಂತ ಮೊದಲ ಕೆಲಸ ದಾದಿಯದು. ಗಂಟು ಬಿಚ್ಚಿದ ಕೂಡಲೇ ದಾದಿ ಕತ್ತರಿ ಹಿಡಿದು ಕೂರುತ್ತಿದ್ದಳು. ಉರ್ದೂ ಪೇಪರು ಇದ್ದರೆ ಅದನ್ನು ಮುಟ್ಟಿ, ಹಣೆಗೊತ್ತಿಕೊಂಡು ಬೇರೆ ಇಡುತ್ತಿದ್ದಳು. ಎಲ್ಲಾದರೂ ಒಂದು ಕಡೆ ಅಲ್ಲಾಹನ ಹೆಸರು ಇದ್ದೇ ಇರುತ್ತದೆ, ಅದರಲ್ಲಿ ಬೇಳೆ ಕಟ್ಟುವುದುಂಟೇ? ಅವನ್ನು ಬಟ್ಟೆಯಲ್ಲಿ ಸುತ್ತಿ ಅಬ್ಬಾ ಮಸೀದಿಯಲ್ಲಿ ಅಂಥ ಕಾಗದಕ್ಕೆಂದೇ ಇಟ್ಟ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ಕನ್ನಡ, ಮರಾಠಿ ಪೇಪರುಗಳನ್ನು ದಾದಿಗೆ ಓದಲು ಬಾರದು. ಆದರೆ ಚಿತ್ರ ನೋಡಿದರೆ ತಿಳಿಯುತ್ತದಲ್ಲ. ಗಣಪತಿ, ಲಕ್ಷ್ಮಿ, ಶಿವ, ಬಸವಣ್ಣ, ಯಾರೇ ಇರಲಿ, ಚಿತ್ರದ ಸುತ್ತ ಚೌಕಾಕಾರವಾಗಿ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಡಬ್ಬಿ ತುಂಬಿದ ಮೇಲೆ ಪಕ್ಕದ ಮನೆಯ ಅವ್ವನಿಗೆ ಕೊಡುತ್ತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಆ ಅವ್ವ ಪ್ರತಿ ಸಲ ಹೇಳುವುದು ಒಂದೇ: "ನಮ್ಮ ದೇವ್ರು ನನ್ನ ಕೊರಳಾಗ ಅದಾನ ಬೀ, ಪೇಪರಿನ್ಯಾಗ ಯಾಕ ಹುಡುಕ್ತಿ?" ಹಾಗೆ ಅಂದರೂ ಡಬ್ಬಿ ಒಯ್ದು ಚಿತ್ರಗಳನ್ನು ಬಾವಿಗೆ ಬಿಟ್ಟು, ಖಾಲಿ ಡಬ್ಬಿಯಲ್ಲಿ ಎರಡು ಶೇಂಗಾ ಹೋಳಿಗೆ ಇಟ್ಟು ತಂದುಕೊಡುತ್ತಿದ್ದಳು.

ಯಾರು ದೇವರು, ಯಾರಲ್ಲ ಎಂಬುದಕ್ಕೆ ದಾದಿಯದೊಂದು ಲೆಕ್ಕವಿತ್ತು. ತಲೆಯ ಹಿಂದೆ ಬೆಳಕಿದ್ದರೆ ದೇವರು. ಒಮ್ಮೆ ಬಲ್ಬಿನ ಜಾಹೀರಾತಿನ ಹೆಂಗಸನ್ನೂ ಕತ್ತರಿಸಿ ಡಬ್ಬಿಗೆ ಹಾಕಿದ್ದಳು. ನಾನು ನಕ್ಕಾಗ, "ಇರಲಿ, ತಪ್ಪಾದರೆ ಮರ್ಯಾದೆಯ ಕಡೆಗೇ ತಪ್ಪಾಗಲಿ" ಎಂದು ನಮ್ಮ ಮನೆಯ ಉರ್ದೂವಾದ ದಖನಿಯಲ್ಲಿ ಗದರಿದ್ದಳು.

ಹೀಗೆ ನನ್ನ ಕೈಗೆ ಬರುತ್ತಿದ್ದ ಪ್ರತಿ ಹಾಳೆಯಲ್ಲೂ ತೂತು. ಈ ಕಡೆ ದೇವರು ಹೋದರೆ ಆ ಕಡೆ ಕಥೆಯ ನಾಲ್ಕು ಸಾಲು ಹೋಗುತ್ತಿದ್ದವು. ನಾನು ಏಳನೆಯ ತರಗತಿಯವರೆಗೆ ಓದಿದ್ದು ಉರ್ದೂ ಶಾಲೆಯಲ್ಲಿ. ಕನ್ನಡ ಅಲ್ಲಿ ಒಂದು ವಿಷಯ ಮಾತ್ರ. ಉಳಿದ ಕನ್ನಡವೆಲ್ಲ ಬಂದದ್ದು ಮಡಚುವ ಮೊದಲು ಕದ್ದು ಓದಿದ ಈ ತೂತಿನ ಹಾಳೆಗಳಿಂದ. ಕಥೆಯೊಂದರಲ್ಲಿ ಬಾವಿಯ ಬಳಿ ಹೋದ ಹೆಂಗಸು ತೂತಿನ ಆಚೆ ನಗುತ್ತ ಬರುತ್ತಿದ್ದಳು. ನಡುವೆ ಏನಾಯಿತು? ಮನೆಯಲ್ಲಿ ಕೇಳೋಣವೆಂದರೆ ಕನ್ನಡ ಓದುವವರು ಯಾರೂ ಇಲ್ಲ. ಮುಂದಿನ ದಿನದ ಪೇಪರು ಯಾವ ಊರಿನ ಯಾವ ರದ್ದಿಯಲ್ಲಿದೆಯೋ. ಹಾಗಾಗಿ ನಾನೇ ತುಂಬಿಸುತ್ತಿದ್ದೆ. ತೂತಿನ ಮೇಲಿನ ಸಾಲು ಹೇಗಿದೆ, ಕೆಳಗಿನ ಸಾಲು ಹೇಗೆ ಶುರುವಾಗುತ್ತದೆ ನೋಡಿ, ಎರಡಕ್ಕೂ ಹೊಂದುವ ಹಾಗೆ ಮನಸ್ಸಿನಲ್ಲಿ ಸಾಲು ಕಟ್ಟುತ್ತಿದ್ದೆ. ಆಡುಭಾಷೆ ಹಾಕಿದರೆ ಹೊಂದುತ್ತಿರಲಿಲ್ಲ. ಪೇಪರಿನ ಕನ್ನಡವೇ ಬೇಕು. ಅಮ್ಮಿ ಅಂಟಿನ ಕೈಯಿಂದಲೇ ತಲೆಗೆ ಒಂದು ಕೊಟ್ಟು, "ಮಡಚು" ಅನ್ನುತ್ತಿದ್ದಳು. ಮಾತಾಡುವಾಗ ಇವತ್ತಿಗೂ ನನ್ನದು ಔರಾದಿನ ಕನ್ನಡವೇ, ಬರೆಯುವಾಗ ಮಾತ್ರ ಪೇಪರಿನದು. ನಡುವಿನ ಕನ್ನಡ ನನಗೆ ಯಾರೂ ಕೊಡಲಿಲ್ಲ.

ಸರ್ ಕೊಟ್ಟ ವಾರದ ಎರಡನೆಯ ದಿನ ಕಂಪ್ಯೂಟರ್ ಮೇಡಂ ಪಾಠವಿತ್ತು. ಯಂತ್ರ ಭಾಷೆ ಹೇಗೆ ಕಲಿಯುತ್ತದೆ ಎಂಬ ಪಾಠ. ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು, ಪಾಠ ಚೆನ್ನಾಗಿ ಮಾಡುತ್ತಿದ್ದರು. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು ನಡುವಿನ ಶಬ್ದವನ್ನು ಒರೆಸಿದರು. "ಇಲ್ಲೇನಿತ್ತು ಅಂತ ಯಂತ್ರಕ್ಕ ಕೇಳ್ತೇವಿ. ಅದು ಊಹಾ ಮಾಡ್ತದ. ತಪ್ಪಾದ್ರ ತಿದ್ದತೇವಿ. ಹಿಂಗ ಕೋಟಿಗಟ್ಟಲೆ ಸಲ. ಅಷ್ಟೇ ನೋಡ್ರಿ ಅದರ ಸಾಲಿ."

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಡೀ ಕ್ಲಾಸು ತಿರುಗಿ ನೋಡಿತು.

"ಯಾಕ ನಗ್ತಿ?"

"ನಾನೂ ಹಿಂಗೇ ಕಲ್ತೇನ್ರಿ ಮೇಡಂ. ನಮ್ಮ ದಾದಿ ಒರಸೂದಿಲ್ಲರಿ, ಕತ್ತರಿಸ್ತಾಳ."

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಕ್ಲಾಸು ಮುಗಿದ ಮೇಲೆ ಹತ್ತಿರ ಕರೆದು ಎಲ್ಲ ಕೇಳಿದರು, ನಾನು ಹೇಳಿದೆ. ಈ ಪತ್ತೆ ಹಚ್ಚುವ ತಂತ್ರಾಂಶಕ್ಕೆ ಕನ್ನಡ ಅಷ್ಟಾಗಿ ಗೊತ್ತಿಲ್ಲ, ನೀಟಾಗಿ ಬರೆದದ್ದನ್ನೆಲ್ಲ ಅದು ಅನುಮಾನಿಸುತ್ತದೆ ಎಂದರು. ಹಾಗಾದರೆ ಬಂದು ಹೇಳುತ್ತೀರಾ ಎಂದೆ. "ನೋಡೋಣ" ಎಂದರು. ಅವರೂ ಹೊಸಬರು, ಅತಿಥಿ ಉಪನ್ಯಾಸಕಿ. ಆಗ ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಈಗ ಅದೇ ಕುರ್ಚಿಯಲ್ಲಿ ಕೂತ ಮೇಲೆ ಆ "ನೋಡೋಣ" ಎಷ್ಟು ಭಾರದ್ದೆಂದು ತಿಳಿಯುತ್ತದೆ.

ನನ್ನ ಜೊತೆ ಓದುತ್ತಿದ್ದ ಭಾಲ್ಕಿಯ ಗೆಳತಿಗೆ ಈ ಗೋಳೆಲ್ಲ ತಮಾಷೆಯಾಗಿ ಕಂಡಿತು. ಅವಳ ಮನೆಯಲ್ಲಿ ಕನ್ನಡವೇ ಮಾತು. ಅವಳ ಅಮ್ಮನ ಕುರಿತ ಬರಹಕ್ಕೆ ಸರ್ ಇಪ್ಪತ್ತಕ್ಕೆ ಹದಿನೇಳು ಕೊಟ್ಟು, ಪಕ್ಕದಲ್ಲಿ 'ಮಣ್ಣಿನ ವಾಸನೆ ಇದೆ' ಎಂದು ಬರೆದಿದ್ದರು. ಕ್ಯಾಂಟೀನಿನಲ್ಲಿ ಅವಳು ಫೋನ್ ತೆಗೆದು ತೋರಿಸಿದಳು. ಬರಹ ಪೂರ್ತಿ ಯಂತ್ರದ್ದು. ಮೊದಲು ಬರೆಸಿದ್ದಳು. ಆಮೇಲೆ, ಬೀದರ್ ಕಡೆಯ ಹಳ್ಳಿ ಹುಡುಗಿ ಬರೆದ ಹಾಗೆ ಮಾಡು, ಅಲ್ಲಲ್ಲಿ ಮನೆಗೆ ಮನಿ, ಶಾಲೆಗೆ ಸಾಲಿ ಹಾಕು, ನಾಲ್ಕು ತಪ್ಪು ಸೇರಿಸು ಎಂದು ಹೇಳಿದ್ದಳು. ಅದು ಶಿಸ್ತಾಗಿ ನಾಲ್ಕು ತಪ್ಪು ಮಾಡಿಕೊಟ್ಟಿತ್ತು. ಪಟ್ಟಿ ಅಚ್ಚ ಹಸಿರು.

"ಏ ಹುಚ್ಚಿ, ನಿಂದೂ ಹಿಂಗ ಮಾಡು," ಎಂದಳು. "ನಿನ್ನ ಕನ್ನಡ ಭಾಳ ಇಸ್ತ್ರಿ ಮಾಡಿದಂಗ ಅದ. ಅದಕ್ಕ ಯಾರೂ ನಂಬಂಗಿಲ್ಲ. ಸ್ವಲ್ಪ ಮುದ್ದಿ ಮಾಡಿ ಕೊಡು. ಸರ್‌ಗೂ ಖುಷಿ, ಮಿಷಿನ್ನಿಗೂ ಖುಷಿ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ನನ್ನ ಹೊಟ್ಟೆ ಉರಿದದ್ದು ಆ 'ಮಣ್ಣಿನ ವಾಸನೆ'ಗೆ. ನಮ್ಮಂಥವರು ತಪ್ಪು ಬರೆದರೆ ವಾಸನೆ ಬರುತ್ತದೆ, ಸರಿ ಬರೆದರೆ ಅದು ಕಳುವಿನ ಮಾಲು.

ಆದರೂ ನಿಜ ಹೇಳಬೇಕು, ನಾನು ಮಾಡಲು ಕೂತೆ. ಆ ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಕುಳಿತು ನನ್ನ ಎಂಟು ಪುಟಗಳನ್ನು ಕೆಡಿಸಲು ಶುರು ಮಾಡಿದೆ. ಪೆನ್ನಿನಿಂದ ಒಂದು ಸಾಲು ಹೊಡೆದು ಮೇಲೆ ಡೊಂಕಾದ ಸಾಲು ಬರೆದೆ. ದಾದಿ ಎದುರಿಗೆ ಹೊಸ ಗಂಟು ಬಿಚ್ಚಿಕೊಂಡು ಕತ್ತರಿ ಆಡಿಸುತ್ತಿದ್ದಳು. ಅವಳಿಗೆ ಕನ್ನಡದ ಅಕ್ಷರ ಬಾರದಿದ್ದರೂ ಹೊಡೆದು ಹಾಕುವುದು ಏನೆಂದು ಗೊತ್ತು.

"ಕಾಯ್ಕು ಬಿಗಾಡ್ ರೈ ಗೇ?" ಎಂದಳು. ಯಾಕೆ ಕೆಡಿಸುತ್ತಿದ್ದೀ ಹುಡುಗಿ?

"ಕೆಡಿಸಿದರೆ ಪಾಸು ಮಾಡ್ತಾರಂತೆ ದಾದಿ," ಎಂದು ನಮ್ಮ ಭಾಷೆಯಲ್ಲಿ ಹೇಳಿದೆ.

ದಾದಿ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಚಿತ್ರವಿದೆಯೇ ಎಂದು ಹಿಂದೆ ಮುಂದೆ ನೋಡಿದಳು. ಇರಲಿಲ್ಲ. ಏನು ಬರೆದಿದ್ದೀ ಎಂದು ಕೇಳಿದಳು. ನಿನ್ನ ಬಗ್ಗೆಯೇ ಎಂದು ದಖನಿಯಲ್ಲಿ ಅರ್ಥ ಮಾಡಿ ಹೇಳುತ್ತಾ ಹೋದೆ: ಕತ್ತರಿ, ಡಬ್ಬಿ, ಹಣೆಗೊತ್ತಿಕೊಂಡ ಉರ್ದೂ ಪೇಪರು, ಬಲ್ಬಿನ ಹೆಂಗಸು. ಬಲ್ಬಿನ ಹೆಂಗಸಿನ ಹತ್ತಿರ ಬಂದಾಗ ಅವಳ ಮುಖ ಕೆಂಪಾಯಿತು. ಅದನ್ನು ಬೇಕಾದರೆ ಕತ್ತರಿಸು, ಉಳಿದದ್ದು ಮುಟ್ಟಬೇಡ ಎಂದಳು. ನಾನು ಹೊಡೆದು ಹಾಕಿದ ಸಾಲನ್ನು ಬೇರೆ ಹಾಳೆಯಲ್ಲಿ ಮತ್ತೆ ಮೊದಲಿನಂತೆ ಬರೆದೆ. ಬಲ್ಬಿನ ಹೆಂಗಸನ್ನೂ ಬಿಡಲಿಲ್ಲ.

ಆ ದಿನವೇ ನನ್ನ ಹಳೆಯ ಟ್ರಂಕು ತೆಗೆದು ಒಂದು ಹಾಳೆ ಹುಡುಕಿದೆ. ಸರ್ ಯಾರೆಂದು ನೋಡಿ ಆ ವಿಷಯ ಆರಿಸಿಕೊಂಡೆ ಎಂದೆನಲ್ಲ, ಅದಕ್ಕೆ ಕಾರಣ ಈ ಹಾಳೆ. ನಾನು ಹತ್ತು ಹನ್ನೊಂದು ವರ್ಷದವಳಿದ್ದಾಗ ರದ್ದಿಯಲ್ಲಿ ಬಂದ ಪೇಪರಿನ ಭಾನುವಾರದ ಪುಟ. ಅದರಲ್ಲಿ ಸರ್ ತಮ್ಮ ತಾಯಿಯ ಕುರಿತು ಬರೆದ ಲೇಖನವಿತ್ತು, ಕೆಳಗೆ ಅವರ ಹೆಸರು, ಊರು ಮೆಹಕರ ಎಂದಿತ್ತು. ನಡುವೆ ತೂತು. ಆ ತೂತು ತುಂಬಿಸಲು ನನಗೆ ಬಹಳ ದಿನ ಬೇಕಾಗಿತ್ತು. ತುಂಬಿದ ಮೇಲೆ ಚೀಲ ಮಾಡಲು ಮನಸ್ಸಾಗದೆ ಬಚ್ಚಿಟ್ಟಿದ್ದೆ. ನಾನು ಬಚ್ಚಿಟ್ಟ ಹಾಳೆ ಅದೊಂದೇ. ಕಾಲೇಜಿನ ವಿಷಯಗಳ ಪಟ್ಟಿಯಲ್ಲಿ ಆ ಹೆಸರು ಕಂಡ ಕೂಡಲೇ ಆ ವಿಷಯ ತೆಗೆದುಕೊಂಡೆ. ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ನಿಮ್ಮ ಲೇಖನ ನಮಗೆ ರದ್ದಿಯಲ್ಲಿ ಸಿಕ್ಕಿತು ಎಂದು ಒಬ್ಬ ಲೇಖಕರಿಗೆ ಹೇಗೆ ಹೇಳುವುದು?

ವಾರ ಮುಗಿದ ದಿನ ವಿಭಾಗದ ಮುಖ್ಯಸ್ಥರ ಕೋಣೆಗೆ ಕರೆದರು. ಮುಖ್ಯಸ್ಥರು, ಕನ್ನಡದ ಸರ್, ಗೋಡೆಯ ಬದಿಗೆ ಕಂಪ್ಯೂಟರ್ ಮೇಡಂ. ಮೇಜಿನ ಮೇಲೆ ಮುಚ್ಚಳಿಕೆ ಸಿದ್ಧವಾಗಿತ್ತು. ಕಾಲೇಜಿನ ದಪ್ಪ ಹಾಳೆ, ಮೇಲೆ ಮುದ್ರೆ, ಕೆಳಗೆ ನನ್ನ ಸಹಿಗೆ ಗೆರೆ. ಯಂತ್ರದ ನೆರವಿನಿಂದ ಬರೆದು ನನ್ನದೆಂದು ಒಪ್ಪಿಸಿದ್ದು ನನ್ನ ತಪ್ಪು, ಇನ್ನು ಮುಂದೆ ಇಂತಹ ಅನೈತಿಕ ಚಟುವಟಿಕೆಯಲ್ಲಿ ತೊಡಗಿಸಿಕೊಳ್ಳುವುದಿಲ್ಲ, ಎಂದು ನಾನು ಹೇಳುತ್ತಿರುವ ಹಾಗೆ ಬರೆದಿತ್ತು.

"ಸಹಿ ಮಾಡವಾ, ಮುಗೀತದ," ಎಂದರು ಮುಖ್ಯಸ್ಥರು.

"ಈ ಕಾಗದ ಯಾರು ಬರದಾರ್ರಿ ಸರ್?" ಎಂದು ಕೇಳಿದೆ.

ಮುಖ್ಯಸ್ಥರು ಮೇಜಿನ ಮೇಲಿದ್ದ ತಮ್ಮ ಫೋನನ್ನು ನೋಡಿದರು. ಮೇಡಂ ಕಿಟಕಿಯಾಚೆ ನೋಡಿದರು. "ಅದು ನಮೂನಾ. ಅದರಾಗ ಏನದ?" ಎಂದರು ಮುಖ್ಯಸ್ಥರು, ಸ್ವಲ್ಪ ಜೋರಾಗಿ.

"ಏನಿಲ್ಲರಿ. ನನ್ನ ಹೆಸರಿನ್ಯಾಗ ನೀವು ಯಂತ್ರದ ಕಡಿಂದ ಬರಸೀರಿ. ನಾ ಬರಸಿಲ್ಲ ಅಂತ ನಾ ಹೇಳ್ಲಾಕತ್ತೇನಿ. ಸಹಿ ನನ್ನ ಕಡಿಂದ ಕೇಳ್ತೀರಿ."

ಮುಖ್ಯಸ್ಥರ ಮುಖ ಬಿಗಿಯಿತು. "ಹಂಗಂದ್ರ ವರ್ಷ ಹೋಗ್ತದ ನೋಡು" ಎಂದರು. ಹೋಗಲಿ ಎಂದೆ. ಅದು ಧೈರ್ಯವಲ್ಲ, ಸಿಟ್ಟು. ವರ್ಷ ಹೋಗುವುದೆಂದರೆ ಮತ್ತೆ ಒಂದು ವರ್ಷ ಔರಾದಿನಿಂದ ಬಸ್ಸು, ಮತ್ತೆ ಒಂದು ವರ್ಷ ಅಮ್ಮಿಯ ಮುಖ. ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಗೆರೆಯ ಮೇಲೆ ನನ್ನ ಹೆಸರು ಬರೆಯಲು ಕೈ ಒಪ್ಪಲಿಲ್ಲ.

ಆಗ ಕನ್ನಡದ ಸರ್ ಸಮಾಧಾನದ ದನಿಯಲ್ಲಿ, "ಹಟ ಮಾಡಬ್ಯಾಡ. ಒಂದೇ ಮಾತು ಹೇಳು. ಈ ಕನ್ನಡ ಎಲ್ಲಿಂದ ಬಂತು?" ಎಂದು ಅದನ್ನೇ ಮತ್ತೆ ಕೇಳಿದರು.

ನಾನು ಚೀಲದಿಂದ ಆ ಹಾಳೆ ತೆಗೆದೆ. ನಾಲ್ಕು ಮಡಿಕೆ ಬಿಚ್ಚಿ, ಪುಸ್ತಕದ ಮೇಲೆ ಇಟ್ಟು, ಅವರಿಗೆ ಕಾಣದ ಹಾಗೆ ಹಿಡಿದು ಓದಿದೆ.

"ಅಪ್ಪ ಹೈದರಾಬಾದಿಗೆ ಕೆಲಸಕ್ಕೆ ಹೋಗಿದ್ದರು. ಅವ್ವ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತ ಕಿವಿಯನ್ನು ಮಾತ್ರ ರಸ್ತೆಯ ಕಡೆ ಇಡುವಳು. ದೂರದಲ್ಲಿ ಬಸ್ಸಿನ ಸದ್ದಾದರೆ ಎದ್ದು ನಿಲ್ಲುವಳು. ಒಂದು ಕೈ ಹಣೆಗೆ, ಒಂದು ಕೈ ಉಡಿಗೆ. ಬಸ್ಸು ನಿಲ್ಲದೆ ಮುಂದೆ ಹೋದರೆ ಉಡಿ ಹಿಡಿದ ಕೈ ಸಡಿಲಾಗುವುದು. ಕಾಯಿಗಳು ಪಾದದ ಮೇಲೆ ಉದುರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ನಾಳೆ ಬಂದಾರು ಎಂದು ಮತ್ತೆ ಕುಳಿತು ಕಾಯಿಗೆ ಕೈ ಹಾಕುವಳು."

ಸರ್ ಕನ್ನಡಕ ತೆಗೆದರು. "ಇದು ನಂದು," ಎಂದರು. "ಇದು ನಾ ಬರದದ್ದು. ಎಷ್ಟು ವರ್ಷಾಯ್ತು. ನಿನಗ ಎಲ್ಲಿ ಸಿಕ್ತು?"

"ಪೂರಾ ನಿಮ್ದೇನ್ರಿ ಸರ್?"

"ಪೂರಾ ನಂದೇ. ನಮ್ಮವ್ವ ಹಂಗೇ ನಿಲ್ತಿದ್ಲು. ಹಣಿಗಿ ಕೈ ಹಚ್ಚಿ."

ನಾನು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ತೂತಿನೊಳಗಿಂದ ಅವರ ಮುಖ ಕಂಡಿತು. 'ಹೆಸರುಕಾಯಿ ಬಿಡಿಸುತ್ತ' ಎಂಬಲ್ಲಿ ಕಾಗದ ಮುಗಿದು, 'ನಾಳೆ ಬಂದಾರು' ಎಂಬಲ್ಲಿ ಮತ್ತೆ ಶುರುವಾಗುತ್ತಿತ್ತು. ನಡುವೆ ದಾದಿಯ ಕತ್ತರಿ.

"ನಡಬರಕಿನ ಸಾಲೆಲ್ಲ ನನ್ನವರಿ ಸರ್. ಐದನೇತ್ತಿನ್ಯಾಗ ಇದ್ದಾಗ ಮಾಡಿದ್ದು. ಕತ್ತರಿಸಿ ಹೋದ ಸಾಲಿನ್ಯಾಗ ಏನಿತ್ತು ಅಂತ ನನಗ ಗೊತ್ತಿಲ್ಲ. ನಿಮ್ಮ ಅವ್ವಾರಿಗಿ ಏನಾಯ್ತು ಅಂತ ನನಗ ಬೇಕಾಗಿತ್ತು, ಅದಕ್ಕ ಮಾಡ್ದೆ. ಕನ್ನಡ ಎಲ್ಲಿಂದ ಬಂತು ಅಂತ ಕೇಳಿದ್ರಲ್ಲ. ನಿಮ್ಮ ಕಡಿಂದೇ ಬಂತರಿ."

ಸರ್ ಹಾಳೆ ಈಸಿಕೊಂಡರು. ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇಲ್ಲಿ ಯಾವ ದೇವ್ರು ಇದ್ದನವಾ?" ಎಂದರು. ಅಂದರೆ ನನ್ನ ಎಂಟು ಪುಟಗಳಲ್ಲಿ ಎಲ್ಲೋ ಒಂದೆರಡಾದರೂ ಅವರ ಕಣ್ಣಿಗೆ ಬಿದ್ದಿದ್ದವು.

"ದೇವ್ರಲ್ಲರಿ ಸರ್. ಬಲ್ಬಿನ ಜಾಹೀರಾತು."

ಮೇಡಂ ಮೊದಲು ನಕ್ಕರು. ಆಮೇಲೆ ಗೋಡೆ ಬಿಟ್ಟು ಮುಂದೆ ಬಂದು, ಆ ತಂತ್ರಾಂಶ ಕನ್ನಡಕ್ಕೆ ಆಗಿಬರುವುದಿಲ್ಲ, ಇದನ್ನು ನಾನು ಬರೆದುಕೊಡುತ್ತೇನೆ ಎಂದರು. ಮುಖ್ಯಸ್ಥರು, "ಅಲ್ರಿ, ಮಿಷಿನ್ ರಿಪೋರ್ಟ್ ಫೈಲಿನ್ಯಾಗ ಅದ. ಅದಕ್ಕೇನು ಮಾಡೂದು?" ಎಂದು ಸರ್ ಕಡೆ ತಿರುಗಿದರು.

"ಮಿಷಿನ್ ಓದ್ಯಾದರಿ," ಎಂದರು ಸರ್. "ನಾ ಓದಿದ್ದಿಲ್ಲ. ಎರಡು ಪುಟ ನೋಡಿ ಅದಕ್ಕ ಹಾಕಿಬಿಟ್ಟೆ."

ಅಲ್ಲೇ ಕುಳಿತು ನನ್ನ ಎಂಟು ಪುಟಗಳನ್ನು ಓದಿದರು. ನಾವು ಮೂವರೂ ಕಾದೆವು. ಮುಖ್ಯಸ್ಥರು ಎರಡು ಸಲ ಗಡಿಯಾರ ನೋಡಿದರು, ಸರ್ ತಲೆ ಎತ್ತಲಿಲ್ಲ. ಮುಗಿಸಿ, ಪೆನ್ನು ತೆಗೆದು, ಹದಿನಾರು ಎಂದು ಬರೆದರು. ನನ್ನ ಗೆಳತಿಯ ಯಂತ್ರಕ್ಕೆ ಹದಿನೇಳು, ನನಗೆ ಹದಿನಾರು!

"ಯಾಕರಿ ಸರ್ ಹದಿನಾರು?" ಎಂದೆ. ಅರ್ಧ ಗಂಟೆಯ ಹಿಂದೆ ಸೊನ್ನೆಗೆ ಸಿದ್ಧವಾಗಿದ್ದವಳು.

"ಕಡೀ ಪುಟ ಸುಮ್ನ ಎಳದಾಡೀದಿ. ಡಬ್ಬಿಯಾಗ ಹೋಳಿಗಿ ಬಂದಲ್ಲೇ ಮುಗೀಬೇಕಾಗಿತ್ತು."

ನಿಜವಾಗಿಯೂ ಅಲ್ಲೇ ಮುಗಿಯಬೇಕಾಗಿತ್ತು. ಆದರೂ ನಾನು ವಾದ ಮಾಡಿದೆ, ಅವರೂ ಮಾಡಿದರು. ಮುಖ್ಯಸ್ಥರ ಕೋಣೆಯಲ್ಲಿ ನಾವಿಬ್ಬರೂ ಕೊನೆಯ ಪುಟದ ಬಗ್ಗೆ ಜಗಳಾಡಿದೆವು. ನನ್ನ ಮೂರು ವರ್ಷದ ಓದಿನಲ್ಲಿ ಯಾರಾದರೂ ನನಗೆ ಪಾಠ ಹೇಳಿದ್ದು ಎಂದರೆ ಆ ಹತ್ತು ನಿಮಿಷ. ಅಷ್ಟು ಸಂತೋಷ ನನಗೆ ಎಂಸಿಎ ಸೀಟು ಸಿಕ್ಕಾಗಲೂ ಆಗಲಿಲ್ಲ. ಹಾಳೆಯನ್ನು ಸರ್ ವಾಪಸ್ ಕೊಡಲಿಲ್ಲ. ತೂತಿನ ಜಾಗದ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹಾಳೆಯ ಜೊತೆ ಇಟ್ಟುಕೊಂಡರು. ನನಗೆ ಉಳಿದದ್ದು ಸಹಿಯಿಲ್ಲದ ಮುಚ್ಚಳಿಕೆ. ಯಾರೂ ಕೇಳಲಿಲ್ಲವೆಂದು ಚೀಲಕ್ಕೆ ಹಾಕಿಕೊಂಡು ಬಂದೆ.

ಈಗ ಭಾಲ್ಕಿಯಲ್ಲಿ ನನ್ನ ಮಕ್ಕಳು ಯಂತ್ರ ಬಳಸುವುದಿಲ್ಲವೇ? ಧಾರಾಳವಾಗಿ ಬಳಸುತ್ತಾರೆ. ಬಳಸಲೂ ನಾನೇ ಕಲಿಸುತ್ತೇನೆ, ಅದು ನನ್ನ ಕೆಲಸ. ಮೊದಲ ವಾರ ಪ್ರತಿಯೊಬ್ಬರಿಗೂ ಒಂದೊಂದು ಹಳೆಯ ಪೇಪರಿನ ಹಾಳೆ ಕೊಡುತ್ತೇನೆ, ನಡುವೆ ತೂತು ಮಾಡಿ. ತೂತು ನೀವೂ ತುಂಬಿ, ಯಂತ್ರದಿಂದಲೂ ತುಂಬಿಸಿ, ಎರಡನ್ನೂ ಓದಿ ಜಗಳಾಡಿ ಎನ್ನುತ್ತೇನೆ. ಒಮ್ಮೊಮ್ಮೆ ಯಂತ್ರದ್ದೇ ಚೆನ್ನಾಗಿರುತ್ತದೆ, ಹಾಗೆಂದು ಒಪ್ಪಿಕೊಳ್ಳುತ್ತೇವೆ. ಕಮಲನಗರದಿಂದ ಬರುವ ಒಬ್ಬಳು, ಮನೆಯಲ್ಲಿ ಮರಾಠಿ ಮಾತಾಡುವವಳು, ಈ ವರ್ಷ ಇಸ್ತ್ರಿ ಮಾಡಿದಂಥ ಕನ್ನಡದಲ್ಲಿ ಹನ್ನೆರಡು ಪುಟ ಬರೆದುಕೊಟ್ಟಳು. ಅವಳ ನಮೂನೆಯ ಕೊನೆಯ ಕಾಲಂ ಖಾಲಿ ಇದೆ. ಅವಳದು ಎಂದು ನನಗೆ ಹೇಗೆ ಗೊತ್ತು ಎಂದು ಕೇಳಿದರೆ, ಹನ್ನೆರಡು ಪುಟ ಓದಿ, ಅವಳನ್ನು ಕೂರಿಸಿಕೊಂಡು ಮೂರನೆಯ ಪುಟದ ಬಗ್ಗೆ ಜಗಳಾಡಿದೆ, ಅವಳು ಒಂದು ಸಾಲನ್ನೂ ಬಿಟ್ಟುಕೊಡಲಿಲ್ಲ. ಆ ಕೆಲಸಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ಇದು ಲಿಖಿತ ಕಾರಣ.

ಆ ಮುಚ್ಚಳಿಕೆ ಏನಾಯಿತು ಎಂಬುದೊಂದು ಉಳಿಯಿತು. ಅವತ್ತು ಮನೆಗೆ ಬಂದು ದಾದಿಯ ಗಂಟಿನ ಮೇಲೆ ಹಾಕಿದೆ. ದಾದಿ ಎತ್ತಿ ನೋಡಿದಳು. ಕಾಲೇಜಿನ ಮುದ್ರೆಯಲ್ಲಿ ಒಂದು ದೀಪ, ಅದರ ಸುತ್ತ ಕಿರಣಗಳು. ಬೆಳಕಿದ್ದ ಮೇಲೆ ಮುಗಿಯಿತು, ದೇವರು. ಮುದ್ರೆಯನ್ನು ಚೌಕವಾಗಿ ಕತ್ತರಿಸಿ, ಧೂಳು ಒರೆಸಿ ಡಬ್ಬಿಗೆ ಹಾಕಿದಳು. ಉಳಿದದ್ದನ್ನು ಅಮ್ಮಿಯ ಕಡೆ ಎಸೆದಳು. ನನ್ನ ತಪ್ಪು, ನನ್ನ ಅನೈತಿಕ ಚಟುವಟಿಕೆ, ನನ್ನ ಸಹಿಯ ಖಾಲಿ ಗೆರೆ, ಎಲ್ಲ ಸೇರಿ ಒಂದು ಕಾಲು ಕಿಲೊ ಚೀಲವಾಯಿತು. ಯಾರ ಮನೆಗೋ ಪುಠಾಣಿ ಹೊತ್ತುಕೊಂಡು ಹೋಗಿರಬೇಕು.

ಈಗ ಬಂದಿರುವ ಮೆಮೊ ಕೂಡ ದಪ್ಪ ಹಾಳೆಯದೇ. ಶನಿವಾರ ಔರಾದಿಗೆ ಹೋಗುತ್ತೇನೆ. ಇದರಲ್ಲಿ ದೇವರಿದ್ದಾನೆಯೇ ಎಂದು ದಾದಿ ನೋಡಲಿ.